ಸ್ವಯಂಪ್ರೇರಿತ ತ್ಯಾಜ್ಯ ಇಳಿಕೆ ಒಪ್ಪಂದಕ್ಕೆ ಸೈನ್ ಹಾಕ್ಬೇಕಾ ಬೇಡ್ವಾ? ಸಣ್ಣ ಯುನಿಟ್ ನಡೆಸೋರು ಹೇಳಿ

ಶಿರವಾಡ ಪ್ಲೇಟಿಂಗ್
ಎಲ್ರಿಗೂ ನಮಸ್ಕಾರ. ಕಾರವಾರದ ಶಿರವಾಡ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದೊಂದು ಸಣ್ಣ ಜಿಂಕ್ ಪ್ಲೇಟಿಂಗ್ ಯುನಿಟ್ ಇದೆ, ಕಬ್ಬಿಣದ ಮಾಲಿಗೆ ಸತುವಿನ ಲೇಪ ಕೊಡೋದು. ಬೋಟಿನ ನಟ್ಟು ಬೋಲ್ಟು, ಗೇಟಿನ ಕೀಲು, ಪಂಪಿನ ಬ್ರಾಕೆಟ್ಟು ಇಂಥದ್ದೇ ಕೆಲ್ಸ. ಹೋದ ವಾರ ಒಂದು ಸಂಸ್ಥೆಯೋರು ಬಂದು ಕಾಗದ ಕೊಟ್ಟು ಹೋದ್ರು. ಅದ್ರಲ್ಲಿ ಇರೋದು ಇಷ್ಟು, ಮೂರು ವರ್ಷದಲ್ಲಿ ಅಪಾಯಕಾರಿ ತ್ಯಾಜ್ಯ 30% ಕಡಿಮೆ ಮಾಡ್ತೇವೆ ಅಂತ ನಾವೇ ಸ್ವಇಚ್ಛೆಯಿಂದ ಬರ್ಕೊಡ್ಬೇಕು, ಅವ್ರು ಟ್ರೇನಿಂಗ್ ಕೊಡ್ತಾರೆ, ಕೊನೆಗೆ ಒಂದು ಸರ್ಟಿಫಿಕೇಟು. ಫೀಸು ಇಲ್ಲ. ಮಾಡ್ಲಿಲ್ಲ ಅಂದ್ರೆ ದಂಡನೂ ಇಲ್ಲ.

ನನ್ನ ಡೌಟು ಏನಂದ್ರೆ, ದಂಡ ಇಲ್ದೇ ಇರೋದಕ್ಕೆ ಸೈನ್ ಹಾಕಿ ಉಪಯೋಗ ಏನು, ಮತ್ತೆ ನಾಳೆ ಇದೇ ಕಾಗದ ಹಿಡ್ಕೊಂಡು ಮಾಲಿನ್ಯ ನಿಯಂತ್ರಣ ಬೋರ್ಡಿನೋರು "ನೀವೇ ಬರ್ಕೊಟ್ಟಿದ್ರಲ್ಲ" ಅಂತ ಬಂದ್ರೆ? ಪಕ್ಕದ ಯುನಿಟ್ಟಿನೋರು ಹಾಕಲ್ಲ ಅಂದ್ರು. ನನಗೆ ಮನಸ್ಸಿದೆ, ಧೈರ್ಯ ಇಲ್ಲ. ಬೇರೆ ಕಡೆ ಇಂಥದ್ದು ನಡೆದಿದ್ಯಾ, ಏನಾದ್ರೂ ಆಯ್ತಾ?

ಕೋಡಿಬಾಗದವ
ಸರ್ಟಿಫಿಕೇಟ್ ಫ್ರೇಮ್ ಹಾಕ್ಸೋ ಖರ್ಚು ನಿಮ್ದಾ ಅವ್ರದ್ದಾ ಕೇಳಿ ಮೊದ್ಲು 😄

ಬೈತಖೋಲ ಬೋಟು
ಹಾಕಿ ಬಿಡಿ ಮಾರಾಯ್ರೆ, ಕಳ್ಕೊಳ್ಳೋದು ಎಂತ ಇದೆ.

ನಿವೃತ್ತ ಕೆಮಿಸ್ಟ್
ಬೇರೆ ಕಡೆ ನಡೆದಿದೆಯಾ ಅಂತ ಕೇಳಿದ್ದೀರಿ, ಅದಕ್ಕೆ ಹೇಳ್ತೇನೆ. ಇದರಲ್ಲಿ ಎಲ್ಲರೂ ಉದಾಹರಣೆ ಕೊಡೋದು ಅಮೆರಿಕದ 33/50 ಅನ್ನೋ ಕಾರ್ಯಕ್ರಮ. ಅಲ್ಲಿನ ಪರಿಸರ ಸಂಸ್ಥೆ ಇಪಿಎ 17 ರಾಸಾಯನಿಕಗಳ ಪಟ್ಟಿ ಮಾಡಿತು. ಬೆಂಜೀನ್, ಟಾಲ್ಯೂಯಿನ್, ಸೀಸ, ಪಾದರಸ, ಕ್ಯಾಡ್ಮಿಯಂ, ಸೈನೈಡು, ಕ್ರೋಮಿಯಂ, ಟ್ರೈಕ್ಲೋರೋಎಥಿಲೀನ್ ಇವೆಲ್ಲ ಅದರಲ್ಲಿದ್ದವು. 1988ರ ಲೆಕ್ಕಕ್ಕೆ ಹೋಲಿಸಿ 1992ರೊಳಗೆ 33%, 1995ರೊಳಗೆ 50% ಇಳಿಸಬೇಕು, ಹೆಸರು ಬಂದದ್ದೇ ಹಾಗೆ. ಕಾನೂನಿನ ಒತ್ತಾಯ ಇಲ್ಲ, ಕಂಪನಿಗೆ ಒಂದು ಪತ್ರ ಬರೀತಿದ್ರು, "ಸೇರ್ತೀರಾ?" ಅಂತ. ಸುಮಾರು 1300 ಕಂಪನಿ ಸೇರಿದವು. ಗುರಿ ಒಂದು ವರ್ಷ ಮುಂಚೆ, 1994ರಲ್ಲೇ ಮುಟ್ಟಿತು.

ಜಿಂಕ್ ಮೇಲೆ ನೀವು ಕೊಡೋ ಪದರದ ಕ್ರೋಮಿಯಂ ಆ ಪಟ್ಟಿಯಲ್ಲಿ ಇದೆ ಅನ್ನೋದು ಗಮನಕ್ಕೆ ಇರಲಿ.

ಕೋಡಿಬಾಗದವ
ನೋಡಿ, ಅಮೆರಿಕದೋರು ಬರೀ ಪತ್ರ ಬರ್ದು ಅರ್ಧ ಇಳಿಸಿದ್ರು. ನಮ್ಮಲ್ಲಿ ನೋಟಿಸು ಬರೆದ್ರೂ ಇಳಿಯಲ್ಲ.

ಲಾ ಓದ್ತಿರೋಳು
ಒಂದ್ನಿಮಿಷ. ಕೆಮಿಸ್ಟ್ ಸರ್ ಹೇಳಿದ್ದು ಸರಿ, ಆದ್ರೆ ಪೂರ್ತಿ ಕಥೆ ಅಲ್ಲ. ಕಾರ್ಯಕ್ರಮ ಶುರುವಾಗಿದ್ದು 1991ರಲ್ಲಿ, ಲೆಕ್ಕ ಶುರು ಮಾಡಿದ್ದು 1988ರಿಂದ. ಅಂದ್ರೆ ಪತ್ರ ಬರೋಕೆ ಮುಂಚೆನೇ ಇಳಿದದ್ದೂ ಕಾರ್ಯಕ್ರಮದ ಖಾತೆಗೇ ಸೇರ್ತು. ಎರಡ್ನೇದು, ಆ 17ರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತೆ ಟ್ರೈಕ್ಲೋರೋಈಥೇನ್ ಓಜೋನ್ ಪದರ ಹಾಳುಮಾಡೋವು, ಮಾಂಟ್ರಿಯಲ್ ಒಪ್ಪಂದದ ಕೆಳಗೆ ಹೇಗೂ ಹೋಗ್ಲೇಬೇಕಿತ್ತು. ಮೂರ್ನೇದು, ಸೇರದೇ ಇದ್ದ ಕಂಪನಿಗಳಲ್ಲೂ ಇಳಿದಿತ್ತು. ಹಾಗಾಗಿ ಅರ್ಧ ಇಳಿದಿದ್ದು ನಿಜ, ಎಲ್ಲಾ ಪತ್ರದಿಂದಲೇ ಇಳೀತು ಅನ್ನೋದು ಹೆಚ್ಚಾಯ್ತು.

ನಿವೃತ್ತ ಕೆಮಿಸ್ಟ್
ಒಪ್ಪುವ ಮಾತು ತಂಗಿ. ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ವಿಷಯ ಪತ್ರ ಅಲ್ಲವೇ ಅಲ್ಲ. ಪತ್ರದ ಹಿಂದೆ ಒಂದು ಬಹಿರಂಗ ಪಟ್ಟಿ ಇತ್ತು. 1986ರಲ್ಲಿ ಅಲ್ಲಿ ಕಾನೂನು ಮಾಡಿದರು, ಯಾವ ಫ್ಯಾಕ್ಟರಿ ಯಾವ ವಿಷ ಎಷ್ಟು ಗಾಳಿಗೆ ನೀರಿಗೆ ನೆಲಕ್ಕೆ ಬಿಟ್ಟಿತು ಅಂತ ಪ್ರತಿ ವರ್ಷ ಸರಕಾರಕ್ಕೆ ಹೇಳಬೇಕು, ಸರಕಾರ ಅದನ್ನ ಜನರಿಗೆ ತೋರಿಸಬೇಕು. ಲೆಕ್ಕ ಕೊಡೋದು ಕಡ್ಡಾಯ, ಇಳಿಸೋದು ಸ್ವಇಚ್ಛೆ. ಪಕ್ಕದ ಮನೆಯವರೂ ಪತ್ರಿಕೆಯವರೂ ಷೇರು ಇಟ್ಟವರೂ ಪಟ್ಟಿ ನೋಡ್ತಾರೆ ಅಂದಾಗ ಮಾಲೀಕರಿಗೆ ತಾನಾಗಿ ಇಚ್ಛೆ ಹುಟ್ಟಿತು.

ಆ ಕಾನೂನು ಯಾಕೆ ಬಂತು ಗೊತ್ತಾ, 1984ರ ಭೋಪಾಲ್ ಆದ ಮೇಲೆ.

ಬೈತಖೋಲ ಬೋಟು
ಸತ್ತಿದ್ದು ನಮ್ಮವ್ರು, ಪಟ್ಟಿ ಸಿಕ್ಕಿದ್ದು ಅವ್ರಿಗೆ.

ಶಿರವಾಡ ಪ್ಲೇಟಿಂಗ್
ನಮ್ಮಲ್ಲಿ ಅಂಥ ಪಟ್ಟಿ ಇಲ್ವಾ? ನಾನು ವರ್ಷಾವರ್ಷ ಬೋರ್ಡಿಗೆ ಫಾರಂ 4 ತುಂಬಿ ಕೊಡ್ತೇನಲ್ಲ, ಎಷ್ಟು ಸ್ಲಡ್ಜ್ (ನೀರು ಶುದ್ಧ ಮಾಡಿದ ಮೇಲೆ ಉಳಿಯೋ ಕೆಸರು) ಬಂತು ಎಷ್ಟು ಕಳ್ಸಿದೆ ಅಂತ.

ಲಾ ಓದ್ತಿರೋಳು
ಕೊಡ್ತೀರಿ, ಅದು ಫೈಲಿನಲ್ಲಿ ಇರುತ್ತೆ. ನನಗೆ ಬೇಕು ಅಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ಬೇಕು. ಊರಿನ ಯಾವ ಯುನಿಟ್ಟು ಏನು ಎಷ್ಟು ಬಿಡುತ್ತೆ ಅಂತ ಒಂದೇ ಕಡೆ ಕೂತು ಹೋಲಿಸಿ ನೋಡೋ ಹಾಗೆ ಇಲ್ಲ. 17 ಹೆಚ್ಚು ಮಾಲಿನ್ಯದ ಕೈಗಾರಿಕೆಗಳಿಗೆ ಆನ್‌ಲೈನ್ ಮೀಟರ್ ಕೂರಿಸ್ಬೇಕು ಅಂತ ಸಿಪಿಸಿಬಿ, ಅಂದ್ರೆ ಕೇಂದ್ರದ ಮಾಲಿನ್ಯ ಬೋರ್ಡು, 2014ರಲ್ಲಿ ಹೇಳಿದೆ, ಆದ್ರೆ ಅದು ಅಳೆಯೋದು ಚಿಮಣಿ ಹೊಗೆ, ಪಿಎಚ್, ಸಿಓಡಿ ಇಂಥದ್ದನ್ನ. ಡ್ರಮ್ಮಿನಲ್ಲಿ ತುಂಬಿಟ್ಟ ಸ್ಲಡ್ಜ್ ಅದಕ್ಕೆ ಕಾಣಲ್ಲ.

ಗ್ರೂಪ್ ಅಡ್ಮಿನ್
ಚರ್ಚೆ ಚೆನ್ನಾಗಿದೆ. ಒಂದೇ ವಿನಂತಿ, ಜಿಲ್ಲೆಯ ಯಾವ ಫ್ಯಾಕ್ಟರಿ ಹೆಸ್ರೂ ಹಾಕಿ ಆರೋಪ ಮಾಡ್ಬೇಡಿ, ಎರಡು ಕಮೆಂಟ್ ಈಗಾಗ್ಲೇ ತೆಗ್ದಿದ್ದೇನೆ.

ಕೋಡಿಬಾಗದವ
ತೆಗ್ದಿದ್ದು ಎರಡೂ ನಂದೇ 🙏

ಬಿಣಗಾ ಹುಡ್ಗ
ಹೆಸ್ರು ಬೇಡ ಅಂದ್ರೆ ಬೇಡ. ಆದ್ರೆ ಬಿಣಗಾ ಕಡೆ ಬೆಳ್ದೋರಿಗೆ ಕಾಸ್ಟಿಕ್ ಸೋಡಾ ಅಂದ್ರೆ ಏನು ಅಂತ ಪಾಠ ಹೇಳೋದು ಬೇಡ. ದೇಶದ ತುಂಬ ಹಿಂದೆ ಪಾದರಸದ ಸೆಲ್ಲಿನಲ್ಲೇ ಕಾಸ್ಟಿಕ್ ಮಾಡ್ತಿದ್ರು, ಉಪ್ಪುನೀರಿಗೆ ಕರೆಂಟ್ ಕೊಟ್ರೆ ಸೋಡಿಯಂ ಪಾದರಸದ ಜೊತೆ ಸೇರ್ಕೊಂಡು ಹೋಗೋದು, ಸ್ವಲ್ಪ ಸ್ವಲ್ಪ ಪಾದರಸ ಉಪ್ಪಿನ ಕೆಸರಿನ ಜೊತೆ, ನೀರಿನ ಜೊತೆ, ಆವಿ ಆಗಿ ಹೊರಗೆ ಬರೋದು. ಈಗ ಪಾದರಸ ಬೇಡದ ಮೆಂಬ್ರೇನ್ ಸೆಲ್. ಇದು ಬದ್ಲಾಗಿದ್ದು ಸ್ವಇಚ್ಛೆಯ ಒಪ್ಪಂದದಿಂದಲೇ ಅಲ್ವಾ? 2003ರಲ್ಲಿ ಕೇಂದ್ರದೋರು ಕ್ರೆಪ್ ಅಂತ ಒಂದು ಮಾಡಿದ್ರು, ಅದ್ರಲ್ಲಿ ಕ್ಲೋರ್-ಆಲ್ಕಲಿ, ಅಂದ್ರೆ ಈ ಕಾಸ್ಟಿಕ್ ಉದ್ಯಮ, ಇತ್ತು.

ನಿವೃತ್ತ ಕೆಮಿಸ್ಟ್
ಹೌದು. ಪರಿಸರ ರಕ್ಷಣೆಗೆ ಕೈಗಾರಿಕೆಗಳ ಹೊಣೆಗಾರಿಕೆಯ ಸನ್ನದು, 2003ರ ಮಾರ್ಚ್. ಸಿಮೆಂಟು, ಸಕ್ಕರೆ, ಕಾಗದ, ಔಷಧ, ಚರ್ಮ, ಡಿಸ್ಟಿಲರಿ, ಕೀಟನಾಶಕ ಹೀಗೆ 17 ಬಗೆಯ ಕೈಗಾರಿಕೆ. ಕೂತು ಮಾತಾಡಿ ಒಪ್ಪಿದ ಗುರಿಗಳು. ಕಾಗದದವರಿಗೆ ಬ್ಲೀಚಿಂಗಿನಲ್ಲಿ ಕ್ಲೋರಿನ್ ಇಳಿಸಿ ಅಂತ, ಕಾಸ್ಟಿಕ್‌ನವರಿಗೆ ಮೆಂಬ್ರೇನ್‌ಗೆ ಹೋಗಿ ಅಂತ.

ಆದರೆ ಮೆಂಬ್ರೇನ್‌ಗೆ ಹೋಗಿದ್ದರಲ್ಲಿ ಸನ್ನದಿನ ಪಾಲು ಎಷ್ಟು, ಕರೆಂಟು ಬಿಲ್ಲಿನ ಪಾಲು ಎಷ್ಟು ಅಂತ ಕೇಳಬೇಕು. ಪಾದರಸದ ಸೆಲ್ಲಿಗಿಂತ ಮೆಂಬ್ರೇನ್ ಸೆಲ್ ಸುಮಾರು ಕಾಲು ಭಾಗ ಕಡಿಮೆ ಕರೆಂಟು ತಿನ್ನುತ್ತೆ. ಕಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಖರ್ಚೇ ಕರೆಂಟು. ಆಮೇಲೆ ಪಾದರಸ ತಡೆಯೋ ಅಂತಾರಾಷ್ಟ್ರೀಯ ಮಿನಮಾಟಾ ಒಪ್ಪಂದ ಬಂತು, 2013ರಲ್ಲಿ ಆಗಿದ್ದು, 2017ರಲ್ಲಿ ಜಾರಿಗೆ, ನಾವು ಸೇರಿದ್ದು 2018. ಆ ಒಪ್ಪಂದದಲ್ಲಿ ಕಾಸ್ಟಿಕ್‌ಗೆ ಪಾದರಸ ಬಳಸೋದಕ್ಕೆ 2025ರ ಗಡುವು. ಲಾಭ ಒಂದು ಕಡೆಯಿಂದ ಎಳೀತು, ಕಾನೂನು ಇನ್ನೊಂದು ಕಡೆಯಿಂದ ನೂಕಿತು. ಸನ್ನದು ಮಧ್ಯ ಕೂತು ದಿನಾಂಕ ಬರೀತು. ಅದೂ ಕೆಲಸವೇ, ಸಣ್ಣದು ಅಂತ ನಾನು ಹೇಳಲ್ಲ.

ಬೈತಖೋಲ ಬೋಟು
ಪಾದರಸ ಅಂದಾಗ ನೆನಪಾಯ್ತು, ಇಸ್ವಾಣ (ಅಂಜಲ್ ಮೀನು) ತಿನ್ಬಾರ್ದು ಅಂತ ನನ್ನ ಸೊಸೆಗೆ ಡಾಕ್ಟ್ರು ಹೇಳಿದ್ರಂತೆ, ಬಸುರಿ ಅಂತ. ನಾವೇ ಹಿಡಿಯೋ ಮೀನು ನಮ್ಮನೇಲೇ ತಿನ್ಬಾರ್ದಾ?

ಲ್ಯಾಬ್ ಅಕ್ಕ
ಅಣ್ಣಾ, ಅದು ಕಾರವಾರದ ಮೀನಿಗೆ ಅಂತಲ್ಲ, ಎಲ್ಲಾ ಸಮುದ್ರದ ದೊಡ್ಡ ಬೇಟೆ ಮೀನಿಗೂ ಹೇಳೋ ಮಾತು. ಕೆಸರಲ್ಲಿರೋ ಬ್ಯಾಕ್ಟೀರಿಯಾ ಪಾದರಸಾನ ಮೀಥೈಲ್ ಮರ್ಕ್ಯುರಿ ಮಾಡುತ್ತೆ, ಸಣ್ಣ ಜೀವಿ ತಿನ್ನುತ್ತೆ, ಅದನ್ನ ಸಣ್ಣ ಮೀನು, ಅದನ್ನ ದೊಡ್ಡ ಮೀನು, ಹೀಗೆ ಮೇಲೆ ಹೋದ ಹಾಗೆ ಜಾಸ್ತಿ ಆಗ್ತಾ ಹೋಗುತ್ತೆ. ಶಾರ್ಕು, ದೊಡ್ಡ ಟ್ಯೂನಾ, ದೊಡ್ಡ ಇಸ್ವಾಣ ಇವು ಕಡಿಮೆ ತಿನ್ನಿ ಅಂತಾರೆ ಬಸುರಿಯರಿಗೆ. ತಾರ್ಲೆ, ಬಂಗಡೆ ಸಣ್ಣವು, ಬೇಗ ಬೆಳೆಯೋವು, ಅವಕ್ಕೆ ಅಷ್ಟು ಹೆದರೋದು ಬೇಡ. ತಾರ್ಲೆ ಸಾರು ಮಾಡ್ಕೊಡಿ, ಮಗುವಿಗೂ ಒಳ್ಳೇದು.

ಬೈತಖೋಲ ಬೋಟು
ತಾರ್ಲೆ ಈ ವರ್ಷ ಎಲ್ಲಿದೆ ಅಕ್ಕಾ ಬಲೆಗೆ ಬಂದ್ರಲ್ವಾ

ಕೋಡಿಬಾಗದವ
ಬೋಟಿನೋರೂ ಕಡಿಮೆ ಏನಿಲ್ಲ, ಇಂಜಿನ್ನಿನ ಕರಿ ಆಯಿಲ್ ಎಲ್ಲಿಗೆ ಹೋಗುತ್ತೆ ಅಂತ ಬಂದರಿನಲ್ಲಿ ನೀರು ನೋಡಿದ್ರೆ ಗೊತ್ತಾಗುತ್ತೆ.

ಬೈತಖೋಲ ಬೋಟು
ನಾವು ಡಬ್ಬಕ್ಕೆ ತುಂಬಿಟ್ಟು ಕೊಡ್ತೇವೆ, ಎಲ್ರೂ ಕೊಡಲ್ಲ, ಖರೆ. ಡಬ್ಬ ಎಲ್ಲಿ ಇಡ್ಬೇಕು ಅಂತ ಬಂದರಿನಲ್ಲಿ ಒಂದು ಜಾಗ ತೋರ್ಸಿ ಮೊದ್ಲು, ಆಮೇಲೆ ಬೈರಿ.

ಗ್ಯಾರೇಜ್ ಶಿರಸಿ
ಕರಿ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಇದೆ, ಬೋಟಿಂದಾದ್ರೂ ಬೈಕಿಂದಾದ್ರೂ. 2024ರ ಏಪ್ರಿಲ್‌ನಿಂದ ಆಯಿಲ್ ಕಂಪನಿಯೋರೇ ವಾಪಸ್ ಸಂಗ್ರಹದ ಜವಾಬ್ದಾರಿ ಹೊರ್ಬೇಕು ಅಂತ ರೂಲ್ಸ್ ಬಂದಿದೆ. ಆದ್ರೆ ನಮ್ಮ ಗ್ಯಾರೇಜಿಗೆ ಬರೋನು ಅದೇ ಹಳೇ ಸೈಕಲ್ ಮೋಟರಿನ ಹುಡ್ಗ, ಲೀಟರಿಗೆ ಇಷ್ಟು ಅಂತ ಕೊಟ್ಟು ತಗೊಂಡು ಹೋಗ್ತಾನೆ, ಸೆಂಟ್ರಿಂಗಿನೋರಿಗೆ ಹಲಗೆಗೆ ಬಳಿಯೋಕೆ ಮಾರ್ತಾನೆ. ಲೈಸೆನ್ಸ್ ಇರೋ ರೀಸೈಕ್ಲರ್ ಘಟ್ಟ ಹತ್ತಿ ಬರಲ್ಲ, ನನ್ನ ಒಂದು ಬ್ಯಾರಲ್ಲಿಗೆ ಯಾಕೆ ಬರ್ತಾನೆ?

ತೋಟದ ಮಾಣಿ
ಎಂಗಳ ಬದಿಗೆ ಫ್ಯಾಕ್ಟರಿನೂ ಇಲ್ಲೆ ಹೊಗೆನೂ ಇಲ್ಲೆ ಹೇಳಿ ಖುಷಿಲಿ ಇದ್ದಿದ್ದೆ, ಗ್ಯಾರೇಜ್ ಅಣ್ಣ ಬಂದು ಹಾಳು ಮಾಡಿದ.

ಕೋಡಿಬಾಗದವ
ಮಾಣಿ, ಅಡಿಕೆಗೆ ಕೊಳೆರೋಗದ ಔಷ್ಧಿ ಹೊಡೀತೀರಲ್ಲ ಮಳೆಗಾಲದಲ್ಲಿ, ಮೈಲುತುತ್ತ. ಅದು ತಾಮ್ರ, ಟಾಕ್ಸಿಕ್ಕೇ.

ತೋಟದ ಮಾಣಿ
ಬೋರ್ಡೋ ದ್ರಾವಣ ಅಂದ್ರೆ ನೂರು ಲೀಟರ್ ನೀರಿಗೆ ಒಂದು ಕೇಜಿ ತುತ್ತ, ಒಂದು ಕೇಜಿ ಸುಣ್ಣ, ಶೇಕಡಾ ಒಂದು. ಸುಣ್ಣ ಸರಿ ಬೀಳದೇ ಇದ್ರೆ ಹಿಂಗಾರಕ್ಕೆ ಹೊಡೆತ, ಅದಕ್ಕೆ ಕತ್ತಿ ಅದ್ದಿ ಕೆಂಪಾಗ್ತದಾ ಅಂತ ನೋಡ್ತೇವೆ. ಬಿಡೋಕೆ ಆಗಲ್ಲ, ಬಿಟ್ರೆ ಕೊಳೆ ಬಂದು ಫಸಲೇ ನೆಲಕ್ಕೆ. ಆದ್ರೆ ಮಣ್ಣಲ್ಲಿ ತಾಮ್ರ ಉಳೀತದೆ ಅನ್ನೋದು ಸುಳ್ಳಲ್ಲ. ಕೆಲವರು ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ತಾರೆ, ಔಷ್ಧಿ ಕಡಿಮೆ ಆಗ್ತದೆ, ಪ್ಲಾಸ್ಟಿಕ್ ಜಾಸ್ತಿ ಆಗ್ತದೆ. ಯಾವುದು ಇಳಿಕೆ ಹೇಳಿ?

ಗ್ರೂಪ್ ಅಡ್ಮಿನ್
ಅಡಿಕೆಗೆ ಬೇರೆ ಥ್ರೆಡ್ ಇದೆ. ಪ್ಲೇಟಿಂಗ್‌ನೋರ ಪ್ರಶ್ನೆಗೆ ಬನ್ನಿ.

ಲಾ ಓದ್ತಿರೋಳು
ಬರ್ತೇನೆ. ಮೂಲ ಪೋಸ್ಟಿನಲ್ಲಿ "ದಂಡ ಇಲ್ಲ" ಅನ್ನೋದೇ ನನಗೆ ಕುತ್ತಿಗೆಗೆ ಸಿಕ್ಕಿಕೊಂಡ ಮುಳ್ಳು. ಕೆನಡಾದಲ್ಲಿ 1985ರಲ್ಲಿ ರಾಸಾಯನಿಕ ಕಂಪನಿಗಳು "ರೆಸ್ಪಾನ್ಸಿಬಲ್ ಕೇರ್" ಅಂತ ಶುರು ಮಾಡಿದ್ರು, ಆಮೇಲೆ ಅಮೆರಿಕಕ್ಕೂ ಬಂತು. ಕಿಂಗ್ ಮತ್ತೆ ಲೆನಾಕ್ಸ್ ಅಂತ ಇಬ್ರು 2000ದಲ್ಲಿ ಲೆಕ್ಕ ಹಾಕಿ ನೋಡಿದ್ರು, ಅಮೆರಿಕದಲ್ಲಿ ಸೇರಿದ ಕಂಪನಿಗಳು ಸೇರದೇ ಇದ್ದವಕ್ಕಿಂತ ನಿಧಾನ ಸುಧಾರಿಸಿದ್ವು. ಕಾರಣ ಏನು ಅಂದ್ರೆ ಹೊರಗೆ ಹಾಕೋ ಭಯ ಇಲ್ಲ, ಹಾಗಾಗಿ ಕೊಳಕು ಕಂಪನಿಗಳು ಹೆಸರಿನ ನೆರಳಿಗೆ ಬಂದು ಕೂತವು. ಹೊರಗಿನವರಿಂದ ಆಡಿಟ್ ಕಡ್ಡಾಯ ಆಗಿದ್ದು ಆಮೇಲೆ.

ಇನ್ನೊಂದು, ಅಮೆರಿಕದ ಇಪಿಎದ್ದೇ ಪರ್ಫಾರ್ಮೆನ್ಸ್ ಟ್ರ್ಯಾಕ್ ಅಂತ, 2000ದಲ್ಲಿ ಶುರು 2009ರಲ್ಲಿ ಬಂದ್. ಸೇರಿದೋರಿಗೆ ಇನ್‌ಸ್ಪೆಕ್ಷನ್ ಕಡಿಮೆ ಮಾಡ್ತೇವೆ ಅಂತ ಆಸೆ ತೋರ್ಸಿದ್ರು. ನಿಮಗೆ ಬಂದ ಕಾಗದದಲ್ಲಿ ಅಂಥ ಆಮಿಷ ಇದ್ಯಾ ನೋಡಿ. ಇದ್ರೆ ನಾನಾಗಿದ್ರೆ ದೂರ.

ಶಿರವಾಡ ಪ್ಲೇಟಿಂಗ್
ಅಂಥದ್ದು ಏನಿಲ್ಲ. "ಕಾನೂನಿನ ಯಾವ ಹೊಣೆಯೂ ಇದರಿಂದ ಕಡಿಮೆಯಾಗುವುದಿಲ್ಲ" ಅಂತ ಕೊನೇಲಿ ಬರ್ದಿದ್ದಾರೆ.

ಲಾ ಓದ್ತಿರೋಳು
ಹಾಗಾದ್ರೆ ಕಾಗದ ಬರ್ದೋರು ಯಾರೋ ತಿಳ್ದೋರು. ಮತ್ತೆ ನಿಮ್ಮ ಇನ್ನೊಂದು ಭಯಕ್ಕೆ ಉತ್ತರ: ಬೋರ್ಡಿನೋರು ಹಿಡಿಯೋದು ಕನ್ಸೆಂಟಿನ (ಯುನಿಟ್ ನಡೆಸೋಕೆ ಬೋರ್ಡು ಕೊಡೋ ಅನುಮತಿ) ಷರತ್ತು ತಪ್ಪಿದ್ರೆ, ಸ್ವಇಚ್ಛೆಯ ಗುರಿ ತಪ್ಪಿದ್ರೆ ಅಲ್ಲ. ಜನ್ ವಿಶ್ವಾಸ್ ಕಾಯ್ದೆ ಬಂದ ಮೇಲೆ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಜೈಲು ಹೋಗಿ ದಂಡ ಬಂದಿದೆ, 10 ಸಾವಿರದಿಂದ 15 ಲಕ್ಷದವರೆಗೆ. ಸಣ್ಣ ಯುನಿಟ್ಟಿಗೆ 15 ಲಕ್ಷ ಅಂದ್ರೆ ಬಾಗಿಲು ಹಾಕೋದೇ, ದೊಡ್ಡೋರಿಗೆ ಅದು ಟೀ ಖರ್ಚು.

ಬಿಣಗಾ ಹುಡ್ಗ
ಬಣ್ಣ ಹಾಕೋ ಪದ್ಧತಿ ನನಗೆ ಇಷ್ಟ. ಇಂಡೋನೇಷ್ಯಾದಲ್ಲಿ 1995ರಿಂದ ಪ್ರಾಪರ್ ಅಂತ ಮಾಡಿದ್ರು, ಫ್ಯಾಕ್ಟರಿಗೆ ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು. ಇಂಜಿನಿಯರಿಂಗ್ ಗೊತ್ತಿಲ್ದ ಅಜ್ಜಿಗೂ ಕಪ್ಪು ಅಂದ್ರೆ ಅರ್ಥ ಆಗುತ್ತೆ. ಮಹಾರಾಷ್ಟ್ರದಲ್ಲಿ 2017ರಲ್ಲಿ ಚಿಮಣಿ ಹೊಗೆಗೆ ಸ್ಟಾರ್ ಕೊಟ್ರು, ಒಂದರಿಂದ ಐದು. ನಮ್ಮ ಜಿಲ್ಲೆಗೆ ಯಾಕೆ ಬೇಡ?

ಕೋಡಿಬಾಗದವ
ನಮ್ಮಲ್ಲಿ ಈಗ್ಲೇ ಕೆಂಪು ಕಿತ್ತಳೆ ಹಸಿರು ಬಿಳಿ ಇದೆಯಲ್ಲ?

ನಿವೃತ್ತ ಕೆಮಿಸ್ಟ್
ಅದು ಬೇರೆ. ಅದು ಕೈಗಾರಿಕೆಯ ಜಾತಿಗೆ ಕೊಟ್ಟ ಬಣ್ಣ, ನಡತೆಗೆ ಅಲ್ಲ. ಪ್ಲೇಟಿಂಗ್‌ನವರು ಎಷ್ಟೇ ಚೊಕ್ಕವಾಗಿ ನಡೆಸಿದರೂ ಕೆಂಪೇ.

ಶಿರವಾಡ ಪ್ಲೇಟಿಂಗ್
ಅದೇ ನನ್ನ ಹೊಟ್ಟೆಉರಿ ಸರ್. ನಾನು ಇಟಿಪಿ (ಕೊಳಕು ನೀರು ಶುದ್ಧ ಮಾಡೋ ಘಟಕ) ನಡೆಸ್ತೇನೆ, ಕ್ರೋಮ್ ನೀರಿಗೆ ಬೈಸಲ್ಫೈಟ್ ಹಾಕಿ ಆರು ವೇಲೆನ್ಸಿಯ ವಿಷದ ಕ್ರೋಮಿಯಂನ್ನ ಕಡಿಮೆ ವಿಷದ ಮೂರಕ್ಕೆ ಇಳಿಸಿ ಸುಣ್ಣ ಹಾಕಿ ಕೂರಿಸ್ತೇನೆ. ರಾತ್ರಿ ಹೊತ್ತು ಮೋರಿಗೆ ಬಿಡೋನೂ ಕೆಂಪೇ, ಅವ್ನ ರೇಟು ನನಗಿಂತ ಕಡಿಮೆ, ಗಿರಾಕಿ ಅವ್ನ ಹತ್ರ ಹೋಗ್ತಾನೆ. ಈಗ ಹೇಳಿ 30% ಇಳಿಸೋದು ಅಂದ್ರೆ ಎಲ್ಲಿ ಇಳಿಸ್ಲಿ?

ಲ್ಯಾಬ್ ಅಕ್ಕ
ಈಗ ಸರಿಯಾದ ಪ್ರಶ್ನೆ ಬಂತು! ಸ್ಲಡ್ಜ್ ಕಡಿಮೆ ಮಾಡೋಕೆ ಇಟಿಪಿ ಕಡೆ ನೋಡ್ಬೇಡಿ, ಅದಕ್ಕಿಂತ ಹಿಂದೆ ನೋಡಿ. ಪ್ಯಾಸಿವೇಶನ್ ತೊಟ್ಟಿಯಿಂದ, ಅಂದ್ರೆ ಜಿಂಕ್ ಮೇಲೆ ಕ್ರೋಮಿಯಂ ಪದರ ಕೊಡೋ ತೊಟ್ಟಿಯಿಂದ, ಮಾಲು ಮೇಲೆತ್ತಿದಾಗ ಅದಕ್ಕೆ ಅಂಟ್ಕೊಂಡು ಬರುತ್ತಲ್ಲ ದ್ರಾವಣ, ಅದೇ ನಿಮ್ಮ ಸ್ಲಡ್ಜಿನ ತಾಯಿ. ತೊಟ್ಟಿ ಮೇಲೆ ಹತ್ತು ಹದಿನೈದು ಸೆಕೆಂಡ್ ಹಾಗೇ ಹಿಡಿದು ನಿಲ್ಸಿ, ಸಣ್ಣ ಮಾಲು ತುಂಬಿ ತಿರುಗಿಸೋ ಬ್ಯಾರಲ್ ಆದ್ರೆ ಮೇಲೆತ್ತಿ ತೊಟ್ಟಿ ಮೇಲೇ ತಿರುಗ್ಸಿ. ಹುಡುಗ್ರು ಅವಸರದಲ್ಲಿ ಎತ್ತಿ ನೇರ ನೀರಿಗೆ ಹಾಕ್ತಾರೆ, ನಿಮ್ಮ ದುಡ್ಡೇ ಅಲ್ಲಿ ಹರಿದು ಹೋಗೋದು.

ಎರಡು, ತೊಳೆಯೋ ನೀರು. ಒಂದೇ ತೊಟ್ಟಿಯಲ್ಲಿ ತೊಳೀತಿದ್ರೆ, ಅಂಟ್ಕೊಂಡು ಬಂದ ಒಂದು ಲೀಟರ್ ದ್ರಾವಣ ಸಾವಿರ ಪಟ್ಟು ತೆಳು ಆಗೋಕೆ ಸಾವಿರ ಲೀಟರ್ ನೀರು ಬೇಕು. ಎರಡು ತೊಟ್ಟಿ ಇಟ್ಟು ಹೊಸ ನೀರು ಎರಡ್ನೇದಕ್ಕೆ ಬಿಟ್ಟು ಅದು ಮೊದಲ್ನೇದಕ್ಕೆ ಹರಿಯೋ ಹಾಗೆ ಮಾಡಿದ್ರೆ, ಅಂದ್ರೆ ಮಾಲು ಹೋಗೋ ದಿಕ್ಕಿಗೆ ಎದುರು ನೀರು, ಸುಮಾರು 32 ಲೀಟರಿಗೆ ಅದೇ ಕೆಲ್ಸ ಆಗುತ್ತೆ. ಮೂರು ತೊಟ್ಟಿ ಇದ್ರೆ 10. ಇದು ಲೆಕ್ಕದಲ್ಲಿ, ಅಂಗಡಿಯಲ್ಲಿ ಇಷ್ಟು ನುಣ್ಣಗೆ ಬರಲ್ಲ, ಆದ್ರೂ ವ್ಯತ್ಯಾಸ ನೋಡಿ.

ಮೂರು, ಹಳದಿ ಪ್ಯಾಸಿವೇಶನ್ ಯಾಕೆ ಇನ್ನೂ ಆರರ ಕ್ರೋಮಿಯಂ? ಮೂರರದ್ದು ಬರುತ್ತೆ ಮಾರ್ಕೆಟಿನಲ್ಲಿ. ಯುರೋಪಿನೋರು ಎಲೆಕ್ಟ್ರಾನಿಕ್ ಮಾಲಿನಲ್ಲಿ 2006ರಿಂದ ಆರರದ್ದನ್ನ ನಿರ್ಬಂಧ ಮಾಡಿದ್ದಾರೆ.

ಶಿರವಾಡ ಪ್ಲೇಟಿಂಗ್
ಮೂರರದ್ದು ಹಾಕಿ ನೋಡಿದ್ದೆ ಅಕ್ಕಾ, ಗಿರಾಕಿ "ಬಣ್ಣ ಬಂದಿಲ್ಲ, ಪಾಲಿಶ್ ಸರಿ ಮಾಡಿಲ್ಲ" ಅಂತ ವಾಪಸ್ ಕಳ್ಸಿದ. ಹಳದಿ ಹೊಳೀಬೇಕು ಅವ್ನಿಗೆ. ಉಪ್ಪುಗಾಳಿಗೆ ತಡ್ಕೊಳ್ಳುತ್ತಾ ಅಂತ ಬೇರೆ ಕೇಳ್ತಾರೆ.

ಲ್ಯಾಬ್ ಅಕ್ಕ
ಮೂರರದ್ದರ ಮೇಲೆ ಸೀಲರ್ ಹಾಕಿದ್ರೆ ತಡ್ಕೊಳ್ಳುತ್ತೆ. ಸಾಲ್ಟ್ ಸ್ಪ್ರೇ ಟೆಸ್ಟ್ ರಿಪೋರ್ಟ್ ತೋರ್ಸಿ ಗಿರಾಕಿಗೆ. ಬಣ್ಣ ಮಾತ್ರ ಅದೇ ಹಳದಿ ಬರಲ್ಲ, ಅದಕ್ಕೆ ನೀವೊಬ್ರೇ ಬದಲಾದ್ರೆ ಗಿರಾಕಿ ಓಡ್ತಾನೆ, ಸುತ್ತಲ ಪ್ಲೇಟಿಂಗ್‌ನೋರೆಲ್ಲ ಒಟ್ಟಿಗೆ ಬದಲಾದ್ರೆ ಅವ್ನು ಎಲ್ಲಿಗೆ ಓಡ್ತಾನೆ?

ಮತ್ತೆ ಒಂದು ಎಚ್ಚರಿಕೆ, ಸಂಬಂಧ ಇದ್ರೂ ಇಲ್ದಿದ್ರೂ: ಸೈನೈಡ್ ಜಿಂಕ್ ಲೈನ್ ಇಟ್ಕೊಂಡಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಆಸಿಡ್ ತೊಟ್ಟಿಯ ನೀರು ಸೈನೈಡ್ ನೀರು ಒಂದೇ ಗುಂಡಿಗೆ ಬಿಡ್ಲೇಬಾರ್ದು. ವಿಷಗಾಳಿ ಏಳುತ್ತೆ, ಜೀವ ಹೋಗುತ್ತೆ.

ನಿವೃತ್ತ ಕೆಮಿಸ್ಟ್
"ಒಟ್ಟಿಗೆ ಬದಲಾದ್ರೆ" ಅಂದರಲ್ಲ ಲ್ಯಾಬ್ ಮೇಡಂ, ನಾನೂ ಅಲ್ಲಿಗೇ ಬರ್ತಿದ್ದೆ. ತೊಂಬತ್ತರ ದಶಕದಲ್ಲಿ ಕೇಂದ್ರ ಪರಿಸರ ಇಲಾಖೆ, ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಸೇರಿ ವಿಶ್ವಬ್ಯಾಂಕಿನ ನೆರವಿನಿಂದ "ವೇಸ್ಟ್ ಮಿನಿಮೈಸೇಶನ್ ಸರ್ಕಲ್" ಅಂತ ಮಾಡಿದ್ದರು. ಒಂದೇ ಬಗೆಯ ಕೆಲಸ ಮಾಡೋ ನಾಲ್ಕೈದಾರು ಸಣ್ಣ ಯುನಿಟ್ ಒಂದು ಗುಂಪು. ಈ ತಿಂಗಳು ನಿಮ್ಮ ಯುನಿಟ್ಟಿನಲ್ಲಿ ಕೂತು ಸುತ್ತಿ ನೋಡೋದು, ಮುಂದಿನ ಸಲ ಇನ್ನೊಬ್ಬರದು. ಎಲ್ಲಿ ಸೋರ್ತಿದೆ, ಎಲ್ಲಿ ಚೆಲ್ತಿದೆ ಅಂತ ಒಬ್ಬರಿಗೊಬ್ಬರು ಹೇಳೋದು. ಸಾಹೇಬರು ಬಂದು ಹೇಳಿದರೆ ಬಾಗಿಲ ಹಿಂದೆ ಮುಚ್ಚಿಡ್ತಾರೆ, ಅದೇ ಧಂಧೆಯವನು ಹೇಳಿದರೆ ಜಗಳ ಆಡಿಯಾದರೂ ಕೇಳ್ತಾರೆ. ದೊಡ್ಡ ಕಂಪನಿಗಳ ಸನ್ನದಿಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಯಾಕೆಂದರೆ ಇಲ್ಲಿ ಚೆಲ್ಲಿ ಹೋಗೋದು ಮಾಲೀಕನದೇ ಜೇಬಿಂದ.

ಕೋಡಿಬಾಗದವ
ಪಕ್ಕದ ಯುನಿಟ್ಟಿನೋನು ನಿಮ್ಮ ತೊಟ್ಟಿ ನೋಡಿ ಹೋಗಿ ನಿಮ್ಮ ಫಾರ್ಮುಲಾ ಕದೀತಾನೆ ಸರ್, ಕಾರವಾರ ಇದು.

ನಿವೃತ್ತ ಕೆಮಿಸ್ಟ್
ಜಿಂಕ್ ಪ್ಲೇಟಿಂಗ್‌ನಲ್ಲಿ ಕದಿಯೋ ಫಾರ್ಮುಲಾ ಎಂತದ್ದು ಮಾರಾಯಾ, ಡ್ರಮ್ಮಿನ ಮೇಲೆ ಬರೆದಿರುತ್ತೆ.

ಅಘನಾಶಿನಿ ಕಡೆಯವ್ಳು
ಇಷ್ಟೊತ್ತು ಓದ್ತಾ ಇದ್ದೆ. ಎಲ್ರೂ ಯುನಿಟ್ಟಿನೋರ ಕಷ್ಟ ಮಾತಾಡ್ತಿದ್ದೀರಿ, ಒಳ್ಳೇದು. ನೀರಿನ ಕೆಳಗಡೆ ಇರೋರ ಮಾತೂ ಒಂದು ಇರ್ಲಿ. ನಮ್ಮ ಕಡೆ ಹೆಂಗಸ್ರು ಇಳಿತದಲ್ಲಿ ಹೊಳೆಗೆ ಇಳಿದು ಬಳಚು (ಚಿಪ್ಪುಮೀನು) ಆರಿಸ್ತಾರೆ, ಎಷ್ಟೋ ಮನೆ ನಡೆಯೋದು ಅದ್ರಲ್ಲೇ. ಬಳಚು ಕೆಸರಲ್ಲೇ ಕೂತು ನೀರು ಸೋಸಿ ತಿನ್ನೋ ಜೀವ, ಸೀಸ ಕ್ಯಾಡ್ಮಿಯಂ ಏನಿದ್ರೂ ಅದ್ರೊಳಗೆ ಸೇರುತ್ತೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರ್ತು, ಎಲ್ರೂ ಫೋಟೋ ಹಾಕಿದ್ರು. ನನ್ನ ಪ್ರಶ್ನೆ, ಸ್ವಇಚ್ಛೆಯ ಒಪ್ಪಂದ ಅಂದ್ರೆ ಇಚ್ಛೆ ಯಾರ್ದು? ಫ್ಯಾಕ್ಟರಿ ಮತ್ತೆ ಸಂಸ್ಥೆ ಇಬ್ರೇ ಕೂತು ಸೈನ್ ಹಾಕಿದ್ರೆ ಕಾಳಿ ಹೊಳೆಯಲ್ಲಿ ಬಲೆ ಹಾಕೋನು, ಬಳಚು ಆರ್ಸೋಳು ಆ ಮೇಜಲ್ಲಿ ಎಲ್ಲಿ ಕೂತಿದ್ದಾರೆ?

ಶಿರವಾಡ ಪ್ಲೇಟಿಂಗ್
ಕೂತಿಲ್ಲ ಅಕ್ಕಾ. ಕಾಗದದಲ್ಲಿ ಅಂಥ ಜಾಗನೇ ಇಲ್ಲ.

ಲಾ ಓದ್ತಿರೋಳು
ಹಾಗಾದ್ರೆ ಜಾಗ ಮಾಡ್ಸಿ, ಸೈನ್ ಹಾಕೋಕೆ ಮುಂಚೆ. ನಾನು ಕೇಳೋದಾದ್ರೆ ಮೂರು ಮಾತು ಬರ್ಸ್ತೇನೆ. ವರ್ಷದ ಲೆಕ್ಕವನ್ನ ಯುನಿಟ್ಟಿನ ಗೇಟಿಗೆ ಕನ್ನಡದಲ್ಲಿ ಅಂಟಿಸ್ತೇವೆ ಅಂತ. ಲೆಕ್ಕ ಒಟ್ಟು ಕೇಜಿಯಲ್ಲಿ ಅಲ್ಲ, ಒಂದು ಟನ್ ಮಾಲಿಗೆ ಎಷ್ಟು ಸ್ಲಡ್ಜ್ ಅಂತ ಇರ್ಬೇಕು, ಇಲ್ಲಾಂದ್ರೆ ಆರ್ಡರ್ ಕಡಿಮೆ ಆದ ವರ್ಷ ಕೈ ಕಟ್ಕೊಂಡು ಕೂತೋರಿಗೂ ಸರ್ಟಿಫಿಕೇಟು.

ಬೈತಖೋಲ ಬೋಟು
ಖರೆ ಮಾತು. ಜೂನ್ ಜುಲೈ 61 ದಿನ ಟ್ರಾಲಿಂಗ್ ಬಂದ್, ಆಗ ನಟ್ಟು ಬೋಲ್ಟು ಯಾರಿಗೆ ಬೇಕು. ಆ ಎರಡು ತಿಂಗಳು ಹಿಡಿದು ಲೆಕ್ಕ ಹಾಕಿದ್ರೆ ಇವ್ರು ಅಮೆರಿಕಕ್ಕಿಂತ ಮುಂದೆ.

ಶಿರವಾಡ ಪ್ಲೇಟಿಂಗ್
ಅಲ್ಲಣ್ಣಾ, ಬೋಟು ದಡಕ್ಕೆ ಎಳೆದಾಗ್ಲೇ ರಿಪೇರಿ, ಆಗ್ಲೇ ನನಗೆ ಆರ್ಡರ್ ಜಾಸ್ತಿ. ಖಾಲಿ ಕೂರೋದು ಆಮೇಲೆ. ಅದಿರ್ಲಿ, ಮೂರ್ನೇ ಮಾತು ಏನು?

ಲಾ ಓದ್ತಿರೋಳು
ಮೂಲ ವರ್ಷ. ಬೇಕಾದಷ್ಟು ಸ್ಲಡ್ಜ್ ಬಂದ ಹಳೇ ವರ್ಷ ಹುಡುಕಿ ಅದಕ್ಕೆ ಹೋಲಿಸೋದು ಬೇಡ. ಹೋದ ಮೂರು ವರ್ಷದ ಸರಾಸರಿ ಇಡಿ, ಫಾರಂ 4ರಲ್ಲಿ ಹೇಗೂ ಇದೆ.

ಗ್ಯಾರೇಜ್ ಶಿರಸಿ
ಎಲ್ಲಾ ಸರಿ, ಇಳಿಸಿದ ಮೇಲೆ ಉಳಿದ 70% ಎಲ್ಲಿ ಹಾಕ್ತೀರಿ? ಯಾರೂ ಮಾತಾಡ್ತಿಲ್ಲ.

ಶಿರವಾಡ ಪ್ಲೇಟಿಂಗ್
ದಾಬಸ್‌ಪೇಟೆಗೆ. ನಮ್ಮ ಜಿಲ್ಲೆಯಲ್ಲಿ ಹೂಳೋ ಜಾಗ ಇಲ್ಲ. ಬೆಂಗಳೂರು ಹತ್ರದವರೆಗೆ ಹೋಗ್ಬೇಕು. ಬೋರ್ಡಿನ ಅನುಮತಿ ಇಲ್ದೇ 90 ದಿನಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ ರೂಲ್ಸಲ್ಲಿ, ನನಗೆ 90 ದಿನಕ್ಕೆ ಅರ್ಧ ಲಾರಿನೂ ತುಂಬಲ್ಲ. ಸ್ಲಡ್ಜಿನ ಫೀಸಿಗಿಂತ ಲಾರಿ ಬಾಡಿಗೆ ಜಾಸ್ತಿ.

ಬಿಣಗಾ ಹುಡ್ಗ
ಸಿಮೆಂಟ್ ಫ್ಯಾಕ್ಟರಿ ಗೂಡಿಗೆ ಹಾಕ್ತಾರಲ್ಲ ಅಪಾಯಕಾರಿ ತ್ಯಾಜ್ಯ? ಬಾಗಲಕೋಟೆ, ಕಲಬುರಗಿ ಕಡೆ ಸಿಮೆಂಟ್ ಬೇಕಾದಷ್ಟಿದೆ.

ಲ್ಯಾಬ್ ಅಕ್ಕ
ಹಾಕ್ತಾರೆ, ಹೊತ್ತಿ ಉರಿಯೋ ಬಗೆಯದ್ದು, ಪೇಂಟಿನ ಸ್ಲಡ್ಜು, ಎಣ್ಣೆ ಚಿಂದಿ ಅಂಥದ್ದು ಅವ್ರಿಗೆ ಇಷ್ಟ. ಕ್ರೋಮ್ ಇರೋ ಲೋಹದ ಕೆಸರು ಅಂದ್ರೆ ಮೂಗು ಮುರೀತಾರೆ. 2016ರ ನಿಯಮ 9ರ ಕೆಳಗೆ ಬೋರ್ಡಿನ ಅನುಮತಿ ಬೇರೆ ಬೇಕು.

ಗ್ಯಾರೇಜ್ ಶಿರಸಿ
ಹಾಗಾದ್ರೆ ಲಾರಿ ಒಟ್ಟಿಗೆ ಮಾಡಿ. ನಿಮ್ಮ ಏರಿಯಾದ ನಾಲ್ಕು ಯುನಿಟ್ಟಿನ ಡ್ರಮ್ಮು, ಹೋಗ್ತಾ ದೇವಿಮನೆ ಘಟ್ಟ ಹತ್ತಿ ಶಿರಸಿ ಮೇಲೆ ಹೋದ್ರೆ ನಮ್ಮ ಕಡೆಯದ್ದೂ ಸೇರ್ಸಿ. ಹಾಗೆ ಲಾರಿ ಹಂಚ್ಕೊಳ್ಳೋಕೆ ಕಾನೂನು ಬಿಡುತ್ತಾ?

ಲಾ ಓದ್ತಿರೋಳು
ಅಧಿಕೃತ ಸಾಗಾಣಿಕೆ ಲಾರಿನೇ ಆಗ್ಬೇಕು, ಒಬ್ಬೊಬ್ರಿಗೂ ಅವರವರದ್ದೇ ಆಥರೈಸೇಶನ್ ಬೇಕು, ಒಬ್ಬೊಬ್ರದ್ದೂ ಬೇರೆ ಬೇರೆ ಮ್ಯಾನಿಫೆಸ್ಟ್ (ಸಾಗಾಣಿಕೆ ಚೀಟಿ), ಫಾರಂ 10, ಏಳು ಪ್ರತಿ ಏಳು ಬಣ್ಣ. ಡ್ರಮ್ಮು ಬೆರೆಸೋ ಹಾಗಿಲ್ಲ, ಲೇಬಲ್ ಹಾಕಿರ್ಬೇಕು. ಆಸಿಡ್ಡು, ಸೈನೈಡು ಥರ ಒಂದಕ್ಕೊಂದು ಆಗದ್ದು ಒಂದೇ ಲಾರಿಗೆ ಬೇಡ. ಮೊದ್ಲು ಬೋರ್ಡಿನ ಕಾರವಾರ ಆಫೀಸಲ್ಲಿ ಲಿಖಿತ ಕೇಳ್ಕೊಳ್ಳಿ, ಬಾಯಿ ಮಾತು ನಂಬ್ಬೇಡಿ.

ಕೋಡಿಬಾಗದವ
ಏಳು ಬಣ್ಣ ಅಂತೆ. ಕಾಮನಬಿಲ್ಲು.

ಶಿರವಾಡ ಪ್ಲೇಟಿಂಗ್
ಸರಿ, ನಾನು ಹೀಗೆ ಮಾಡ್ತೇನೆ. ಕಾಗದಕ್ಕೆ ಸೈನ್ ಹಾಕ್ತೇನೆ, ಆದ್ರೆ ಟನ್ ಮಾಲಿಗೆ ಇಷ್ಟು ಅನ್ನೋ ಲೆಕ್ಕ, ಗೇಟಿಗೆ ಬೋರ್ಡು, ಮೂರು ವರ್ಷದ ಸರಾಸರಿ ಇವು ಸೇರ್ಸಿದ್ರೆ ಮಾತ್ರ. ಸೇರ್ಸಲ್ಲ ಅಂದ್ರೆ ಸರ್ಟಿಫಿಕೇಟ್ ಅವ್ರೇ ಇಟ್ಕೊಳ್ಳಲಿ, ಎರಡ್ನೇ ತೊಟ್ಟಿ ನಾನು ಹೇಗೂ ಕೂರಿಸ್ತೇನೆ, ಅದಕ್ಕೆ ಯಾರ ಒಪ್ಪಿಗೆನೂ ಬೇಡ. ಅಘನಾಶಿನಿ ಅಕ್ಕಾ, ಮೀಟಿಂಗಿಗೆ ಮೀನುಗಾರರ ಕಡೆಯಿಂದ ಒಬ್ರು ಬರ್ಲಿ ಅಂತ ನಾನೇ ಕೇಳ್ತೇನೆ.

ಅಘನಾಶಿನಿ ಕಡೆಯವ್ಳು
ಒಬ್ರು ಅಂದ್ರೆ ಒಬ್ಬ ಗಂಡಸು ಬಂದು ತಲೆ ಆಡ್ಸಿ ಚಾ ಕುಡ್ದು ಹೋಗ್ತಾನೆ. ಇಬ್ರು ಅನ್ನಿ, ಒಬ್ಳು ಹೆಂಗಸು.

ಶಿರವಾಡ ಪ್ಲೇಟಿಂಗ್
ಆಯ್ತು, ಇಬ್ರು.

ಬೈತಖೋಲ ಬೋಟು
ಚಾ ಜೊತೆ ಬಿಸ್ಕಿಟ್ ಇದ್ರೆ ನಾನೂ ಬರ್ತೇನೆ. ಕರಿ ಆಯಿಲ್ ಡಬ್ಬದ ವಿಷ್ಯನೂ ಅಲ್ಲೇ ಎತ್ತುವಾ.

ಗ್ಯಾರೇಜ್ ಶಿರಸಿ
ಲಾರಿ ಬಾಡಿಗೆ ಡ್ರಮ್ಮಿನ ಲೆಕ್ಕದಲ್ಲಾ ತೂಕದ ಲೆಕ್ಕದಲ್ಲಾ? ಈಗ್ಲೇ ಹೇಳಿ, ಆಮೇಲೆ ಜಗಳ ಬೇಡ.

ಶಿರವಾಡ ಪ್ಲೇಟಿಂಗ್
ತೂಕ. ಒದ್ದೆ ಸ್ಲಡ್ಜ್ ತಂದ್ರೆ ನಿಮ್ಗೇ ಲುಕ್ಸಾನು, ಒಣಗ್ಸಿ ತನ್ನಿ.

ತೋಟದ ಮಾಣಿ
ಶಿರಸಿಲಿ ಮಳೆಗಾಲದಲ್ಲಿ ಅಡಿಕೆನೇ ಒಣಗ್ತಿಲ್ಲೆ, ಇನ್ನು ಇವ್ರ ಸ್ಲಡ್ಜ್ ಒಣಗ್ತಾ 😂